ಹೆಡ್‌ಮಾಸ್ಟರರೇ, ಮೌಸ್ ನಿಮ್ಮ ಕೈಯಲ್ಲೇ ಇರಲಿ

ಸಂಜೆ ಐದರೊಳಗೆ ಮಕ್ಕಳ ಪಟ್ಟಿ ಕಳಿಸಬೇಕಿತ್ತು. ಕಚೇರಿ ಕೆಲಸ ನೋಡಿಕೊಳ್ಳುವವರು ಅವತ್ತು ರಜೆ. ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತು, ಒಟಿಪಿ ಬರುವುದೂ ಅವರ ಫೋನಿಗೇ, ಆ ಫೋನ್ ನೋಡಿದರೆ ಸ್ವಿಚ್ ಆಫ್. ಮುಖ್ಯ ಶಿಕ್ಷಕಿ ಕಂಪ್ಯೂಟರ್ ಮುಂದೆ ಕೂತಿದ್ದರು. ಕೈ ಮಡಿಲಲ್ಲಿತ್ತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಗಣಿತ ಹೇಳಿಕೊಟ್ಟವರು ಅವರು. ಆ ಪಟ್ಟಿಯಲ್ಲಿದ್ದ ಒಂದೊಂದು ಮಗುವಿನ ಮನೆ ಎಲ್ಲಿ, ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ, ಮಗು ಯಾವ ಪಾಠದಲ್ಲಿ ಹಿಂದಿದೆ, ಎಲ್ಲ ಬಾಯಲ್ಲೇ ಇತ್ತು. ಪಟ್ಟಿ ತೆರೆಯುವುದು ಮಾತ್ರ ಗೊತ್ತಿರಲಿಲ್ಲ.

ಸಹಾಯಕ್ಕೆ ಅಂತ ನನ್ನನ್ನು ಕರೆದಿದ್ದರು. ಪಟ್ಟಿ ಅವತ್ತು ಹೋಗಲಿಲ್ಲ, ಮರುದಿನ ಹೋಯಿತು. ಹೊರಡುವಾಗ ಅವರು, "ಶಾಲೆ ನನ್ನದು, ಬೀಗದ ಕೈ ಮಾತ್ರ ಬೇರೆಯವರ ಹತ್ತಿರ ಇದೆ, ಇದು ಸರಿಯಲ್ಲ" ಅಂದರು. ಆಮೇಲೆ ನಾಲ್ಕು ತಿಂಗಳು, ವಾರಕ್ಕೆರಡು ಸಲ ಅವರ ಜೊತೆ ಕೂತೆ. ಅವರಾದ ಮೇಲೆ ಇನ್ನೂ ಕೆಲವು ಶಾಲೆಗಳ ಮುಖ್ಯಸ್ಥರ ಜೊತೆ ಕೂತಿದ್ದೇನೆ. ಏನು ಕಲಿತರೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾವ ಕ್ರಮದಲ್ಲಿ ಕಲಿತರೆ ನಿಲ್ಲುತ್ತದೆ ಅಂತ ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಎಷ್ಟು ಕಲಿಯಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಐಎಸ್‌ಟಿಇ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಶಿಕ್ಷಣದಲ್ಲಿ ತಂತ್ರಜ್ಞಾನದ ವಿಷಯ ನೋಡುವಂಥದ್ದು. ಅದು 2018ರಲ್ಲಿ ಶಾಲಾ ಮುಖ್ಯಸ್ಥರಿಗಾಗಿ ಹೊರತಂದ ಮಾನದಂಡಗಳಲ್ಲಿ ಐದು ಮಾತುಗಳಿವೆ: ಎಲ್ಲ ಮಕ್ಕಳಿಗೂ ಸಮಾನವಾಗಿ ಸಿಗುವ ಹಾಗೆ ನೋಡಿಕೊಳ್ಳುವುದು, ಮುಂದಿನ ಯೋಜನೆ ಹಾಕುವುದು, ಶಿಕ್ಷಕರಿಗೆ ಧೈರ್ಯ ಕೊಡುವುದು, ವ್ಯವಸ್ಥೆ ಕಟ್ಟುವುದು, ತಾನೂ ಕಲಿಯುತ್ತಿರುವುದು. ಪ್ರೋಗ್ರಾಂ ಬರೆಯಬೇಕು, ಪ್ರಿಂಟರ್ ಬಿಚ್ಚಿ ರಿಪೇರಿ ಮಾಡಬೇಕು ಅಂತ ಎಲ್ಲೂ ಇಲ್ಲ.

ನಾನು ಇದನ್ನು ಇನ್ನೂ ಸರಳವಾಗಿ ಹೇಳುತ್ತೇನೆ. ನಿಮ್ಮ ಸಹಿ ಬೀಳುವ ಯಾವುದೇ ಕಾಗದ ಕಂಪ್ಯೂಟರಿನಿಂದ ಬಂದಿದ್ದರೆ, ಅದು ಸರಿಯೋ ತಪ್ಪೋ ಅಂತ ನೀವೇ ತೆರೆದು ನೋಡುವಷ್ಟು ಬರಬೇಕು. ಟೈಪಿಂಗ್ ವೇಗ ಬೇಡ. ಎಲ್ಲ ಮೆನುಗಳ ಪರಿಚಯವೂ ಬೇಡ. ತೆರೆಯುವುದು, ಹುಡುಕುವುದು, ತಾಳೆ ನೋಡುವುದು, ಜೋಪಾನವಾಗಿಡುವುದು ಗೊತ್ತಿದ್ದರೆ ಉಳಿದದ್ದನ್ನು ಬೇರೆಯವರಿಗೆ ವಹಿಸಬಹುದು.

ಮೊದಲು ಬೀಗದ ಕೈ ವಾಪಸ್ ತಗೊಳ್ಳಿ

ಮೌಸ್ ಹಿಡಿಯುವುದಕ್ಕೂ ಮೊದಲು ಒಂದು ಹಾಳೆ ತಗೊಳ್ಳಿ. ಶಾಲೆಯ ಹೆಸರಲ್ಲಿರುವ ಎಲ್ಲ ಖಾತೆಗಳನ್ನೂ ಬರೆಯಿರಿ: ಇಮೇಲ್, ಇಲಾಖೆಯ ಪೋರ್ಟಲ್, ಬ್ಯಾಂಕ್, ಶಾಲೆಯ ಜಾಲತಾಣ, ಪೋಷಕರ ಗುಂಪು, ವೈಫೈ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ. ಯಾವ ಇಮೇಲ್ ಮೇಲೆ ನೋಂದಣಿಯಾಗಿದೆ, ಒಟಿಪಿ ಯಾರ ಫೋನಿಗೆ ಬರುತ್ತದೆ, ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು. ಈ ಹಾಳೆ ತುಂಬಿಸಲು ಕೂತಾಗ ಗಾಬರಿಯಾಗುವುದು ಸಹಜ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದವರ ಫೋನಿಗೆ ಇವತ್ತಿಗೂ ಶಾಲೆಯ ಒಟಿಪಿ ಹೋಗುತ್ತಿರುವುದನ್ನು ನಾನೇ ನೋಡಿದ್ದೇನೆ.

ಈಗ ಒಂದೊಂದಾಗಿ ಸರಿಮಾಡಿ. ಶಾಲೆಗೇ ಅಂತ ಒಂದು ಇಮೇಲ್, ಶಾಲೆಗೇ ಅಂತ ಒಂದು ಫೋನ್ ನಂಬರ್ ಇರಲಿ, ಎಲ್ಲ ಖಾತೆಗಳನ್ನೂ ಅವಕ್ಕೆ ಬದಲಿಸಿ. ಕಚೇರಿಯವರಿಗೆ ನಿಮ್ಮ ಲಾಗಿನ್ ಕೊಡುವ ಬದಲು ಅವರ ಹೆಸರಲ್ಲೇ ಬೇರೆ ಲಾಗಿನ್ ಮಾಡಿಕೊಡಿ, ಬಹಳಷ್ಟು ವ್ಯವಸ್ಥೆಗಳಲ್ಲಿ ಇದಕ್ಕೆ ಅವಕಾಶವಿದೆ. ಯಾರು ಯಾವ ಬದಲಾವಣೆ ಮಾಡಿದರು ಅಂತ ಆಮೇಲೆ ಗೊತ್ತಾಗುವುದು ಆಗ ಮಾತ್ರ. ಇದು ಅಪನಂಬಿಕೆ ಅಂತ ಅವರು ತಿಳಿದುಕೊಳ್ಳಬಾರದು, ಹಾಗಾಗಿ ಮೊದಲೇ ಕೂರಿಸಿ ಹೇಳಿ: ನಾಳೆ ಏನಾದರೂ ಎಡವಟ್ಟಾದರೆ ನಿಮ್ಮ ತಲೆಗೆ ಬರಬಾರದು ಅಂತಲೇ ಹೀಗೆ ಮಾಡುತ್ತಿದ್ದೇವೆ ಅಂತ.

ಪಾಸ್‌ವರ್ಡ್ ವಿಷಯದಲ್ಲಿ ಹಳೆಯ ಉಪದೇಶ ಒಂದಿತ್ತು, ಚಿಹ್ನೆ ಹಾಕಿ, ಅಂಕಿ ಹಾಕಿ, ಮೂರು ತಿಂಗಳಿಗೊಮ್ಮೆ ಬದಲಿಸಿ ಅಂತ. ಅಮೆರಿಕದ ಮಾನದಂಡ ಸಂಸ್ಥೆಯಲ್ಲಿದ್ದು 2003ರಲ್ಲಿ ಆ ಸಲಹೆಗಳನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕೆ ವಿಷಾದ ಹೇಳಿದರು. ಆ ಸಂಸ್ಥೆಯೂ ಅದೇ ವರ್ಷ ಸಲಹೆ ಬದಲಿಸಿತು. ಕಾರಣ ನಿಮಗೇ ಗೊತ್ತು: ಪದೇ ಪದೇ ಬದಲಿಸಿ ಅಂದರೆ ಎಲ್ಲರೂ ಕೊನೆಯ 1 ತೆಗೆದು 2 ಹಾಕುತ್ತಾರೆ, ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತಾರೆ. ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಪೋಣಿಸಿ, ನೆನಪಿಗೂ ಸುಲಭ, ಊಹಿಸುವುದಕ್ಕೂ ಕಷ್ಟ. ಒಂದು ಖಾತೆಯದ್ದು ಇನ್ನೊಂದಕ್ಕೆ ಬೇಡ. ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಆನ್ ಮಾಡಿ, ಕನಿಷ್ಠ ಇಮೇಲ್‌ಗಾದರೂ ಮಾಡಿ, ಯಾಕೆಂದರೆ ಬೇರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಹೊಸದಾಗಿ ಮಾಡಿಕೊಳ್ಳುವ ಲಿಂಕ್ ಬರುವುದು ಆ ಇಮೇಲ್‌ಗೇ.

ಆ ಹಾಳೆಯ ಒಂದು ಪ್ರತಿ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ.

ಕಲಿಯುವುದು ಹೇಗೆ

ಎರಡು ದಿನದ ತರಬೇತಿಗೆ ಹೋಗಿ ಬಂದು ಮೂರನೇ ದಿನ ಎಲ್ಲ ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಅವರದ್ದಲ್ಲ. ಅಲ್ಲಿ ಕೊಟ್ಟ ಅಭ್ಯಾಸ ಯಾವುದೋ ಅಂಗಡಿಯ ಲೆಕ್ಕ, ಯಾವುದೋ ಕಂಪನಿಯ ಪತ್ರ. ನಿಮ್ಮ ಮೇಜಿನ ಮೇಲೆ ಇವತ್ತು ಬಿದ್ದಿರುವ ಕೆಲಸದಿಂದಲೇ ಶುರು ಮಾಡಿ. ನಾಳೆ ಸುತ್ತೋಲೆ ಕಳಿಸಬೇಕಾ? ಹಾಗಾದರೆ ಇವತ್ತಿನ ಪಾಠ ಸುತ್ತೋಲೆ.

ದಿನಕ್ಕೆ ಅರ್ಧ ಗಂಟೆ ಸಾಕು, ಶಾಲೆ ಶುರುವಾಗುವ ಮೊದಲೋ ಬಿಟ್ಟ ಮೇಲೋ. ಹೇಳಿಕೊಡಲು ತಾಳ್ಮೆ ಇರುವ ಒಬ್ಬ ಶಿಕ್ಷಕರನ್ನು ಆರಿಸಿಕೊಳ್ಳಿ. ತುಂಬಾ ಗೊತ್ತಿರುವವರಿಗಿಂತ ನಿಧಾನವಾಗಿ ಹೇಳುವವರು ಒಳ್ಳೆಯದು. ಅವರಿಗೆ ಒಂದೇ ನಿಯಮ: ಮೌಸ್ ಮುಟ್ಟಬಾರದು. "ಕೊಡಿ ಸಾರ್, ನಾನು ಮಾಡಿಬಿಡ್ತೀನಿ" ಅಂದ ಕ್ಷಣ ಪಾಠ ನಿಂತುಹೋಗುತ್ತದೆ. ಅವರು ಬಾಯಲ್ಲಿ ಹೇಳಲಿ, ನೀವು ಕೈಯಲ್ಲಿ ಮಾಡಿ. ಮಾಡಿದ ಮೇಲೆ ಹಂತಗಳನ್ನು ನಿಮ್ಮದೇ ಮಾತಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. "ಮೇಲೆ ಎಡಗಡೆ ಮೂರು ಗೀಟು ಇದೆಯಲ್ಲ, ಅದನ್ನು ಒತ್ತಬೇಕು" ಅಂತ ಬರೆದರೂ ಪರವಾಗಿಲ್ಲ. ಮರುದಿನ ಅದೇ ಕೆಲಸವನ್ನು ಆ ನೋಟ್‌ಬುಕ್ ನೋಡಿಕೊಂಡು ಒಬ್ಬರೇ ಮಾಡಿ. ಮೂರನೇ ದಿನ ನೋಟ್‌ಬುಕ್ ಮುಚ್ಚಿ ಮಾಡಿ. ಮಕ್ಕಳಿಗೆ ಮಗ್ಗಿ ಕಲಿಸಿದವರಿಗೆ ಈ ಕ್ರಮ ಹೊಸದೇನಲ್ಲ, ಅಲ್ವಾ?

ಹಿಂಜರಿಕೆಗೆ ಮುಖ್ಯ ಕಾರಣ ಒಂದೇ, ಏನಾದರೂ ಅಳಿಸಿಹೋದರೆ ಅನ್ನುವ ಭಯ. ಹಾಗಾಗಿ ಮೊದಲ ದಿನವೇ ಒಂದು ಫೈಲಿನ ನಕಲು ಮಾಡಿ, ಆ ನಕಲನ್ನು ಬೇಕಂತಲೇ ಹಾಳು ಮಾಡಿ. ಸಾಲು ಅಳಿಸಿ, ಪದ ಕೆಡಿಸಿ. ಈಗ ಕಂಟ್ರೋಲ್ ಕೀ ಹಿಡಿದು ಝಡ್ ಒತ್ತಿ. ಅಳಿಸಿದ್ದು ವಾಪಸ್ ಬರುತ್ತದೆ. ಇನ್ನೊಮ್ಮೆ ಒತ್ತಿ, ಇನ್ನೂ ಹಿಂದಿನದೂ ಬರುತ್ತದೆ. ನಾನು ಜೊತೆಗೆ ಕೂತ ಮುಖ್ಯಸ್ಥರಲ್ಲಿ ಹೆಚ್ಚಿನವರ ಭುಜ ಸಡಿಲವಾದದ್ದು ಈ ಎರಡು ಕೀಗಳಿಂದ. ಜೊತೆಗೆ ಕಾಪಿ ಮಾಡುವುದಕ್ಕೆ ಸಿ, ಅಂಟಿಸುವುದಕ್ಕೆ ವಿ, ಹುಡುಕುವುದಕ್ಕೆ ಎಫ್, ಎಲ್ಲಕ್ಕೂ ಕಂಟ್ರೋಲ್ ಹಿಡಿದೇ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಪರದೆಗೆ ಬೀಗ ಬೀಳುತ್ತದೆ.

ಕಾಪಿ ಪೇಸ್ಟ್ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅನ್ನುವವರು ಕಾಪಿ ಪೇಸ್ಟನ್ನು ಈಗಿನ ರೂಪಕ್ಕೆ ತಂದರು. ಅದು ಶಾಲಾ ಪಠ್ಯಪುಸ್ತಕ ಪ್ರಕಟಿಸುವ ಒಂದು ಸಂಸ್ಥೆಯ ಸಂಪಾದಕರಿಗಾಗಿ ಮಾಡಿದ ಕೆಲಸ. ಆ ಸಂಪಾದಕರು ಕಂಪ್ಯೂಟರ್ ತಜ್ಞರಾಗಿರಲಿಲ್ಲ. ಕತ್ತರಿ, ಅಂಟು ಹಿಡಿದು ಕೆಲಸ ಮಾಡುತ್ತಿದ್ದವರಿಗೆ ಅನುಕೂಲವಾಗಲಿ ಅಂತಲೇ ಕತ್ತರಿಸು, ಅಂಟಿಸು ಅನ್ನುವ ಹೆಸರೂ ಬಂತು. ಈ ಸಾಧನಗಳು ನಿಮ್ಮಂಥವರಿಗೆ ಅಂತಲೇ ಹುಟ್ಟಿದ್ದು.

ಫೈಲ್ ಹೆಸರಿನ ಬಗ್ಗೆ ಚಿಕ್ಕ ಸೂಚನೆ. "ಹೊಸದು", "ಫೈನಲ್", "ಫೈನಲ್ 2" ಅಂತ ಇಡಬೇಡಿ. ವರ್ಷ, ತಿಂಗಳು, ದಿನ, ಆಮೇಲೆ ವಿಷಯ: "2025-06-14 ಪೋಷಕರ ಸಭೆ ನಡಾವಳಿ". ಹೀಗಿಟ್ಟರೆ ಎಲ್ಲ ಫೈಲುಗಳೂ ತಾವಾಗಿ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲುತ್ತವೆ.

ಶೀಟ್: ಇಲ್ಲಿ ಜಾಸ್ತಿ ಹೊತ್ತು ಕೂರಿ

ಶೀಟ್ ಅಂದರೆ ಸಾಲು, ಕಾಲಂಗಳಲ್ಲಿ ಮಾಹಿತಿ ಹಾಕಿ ಲೆಕ್ಕ ಮಾಡುವ ಪಟ್ಟಿ. ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಲಿಬ್ರೆಆಫೀಸ್ ಆಗಲಿ, ಒಂದು ಕಲಿತರೆ ಉಳಿದವು ಬಂದ ಹಾಗೆಯೇ. ಒಬ್ಬ ಮುಖ್ಯಸ್ಥರು ಒಂದೇ ಒಂದು ಸಾಫ್ಟ್‌ವೇರ್ ಚೆನ್ನಾಗಿ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ ಅನ್ನುತ್ತೇನೆ.

ಆ ಗಣಿತದ ಮೇಡಂ ಜೊತೆ ನಾವು ಮಾಡಿದ್ದು ಹಾಜರಾತಿ. ತರಗತಿಗೊಂದು ರಿಜಿಸ್ಟರ್ ಇತ್ತಲ್ಲ, ಅದರಲ್ಲಿ ಒಂದು ತಿಂಗಳ ಗೈರುಹಾಜರಿಯನ್ನು ಎಲ್ಲ ತರಗತಿಗಳದ್ದೂ ಒಂದೇ ಶೀಟಿಗೆ ತಂದೆವು. ಒಂದು ಸಾಲು ಅಂದರೆ ಒಂದು ಮಗು. ಕಾಲಂಗಳು: ದಾಖಲಾತಿ ನಂಬರ್, ಹೆಸರು, ತರಗತಿ, ಮನೆಯ ಫೋನ್, ಆಮೇಲೆ ಒಂದನೇ ತಾರೀಖಿನಿಂದ ದಿನಕ್ಕೊಂದು ಕಾಲಂ. ಬಂದರೆ ಖಾಲಿ, ಬರದಿದ್ದರೆ 1. ಕೊನೆಯಲ್ಲಿ ಒಟ್ಟು. ಸಾರ್ಟ್, ಅಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸುವುದನ್ನು ಕಲಿಸುವುದಕ್ಕೆ ಅಂತ ಸುಮ್ನೆ, "ಮನೆಯ ಫೋನ್ ಕಾಲಂ ಮೇಲೆ ಸಾರ್ಟ್ ಮಾಡಿ ನೋಡೋಣ ಮೇಡಂ" ಅಂದೆ. ಒಂದೇ ಮನೆಯ ಮಕ್ಕಳು ಅಕ್ಕಪಕ್ಕದ ಸಾಲಿಗೆ ಬಂದರು. ಅವರು ಪರದೆ ಮೇಲೆ ಬೆರಳಿಟ್ಟು ಒಂದು ಜಾಗದಲ್ಲಿ ನಿಂತರು. ಏಳನೇ ತರಗತಿಯ ಅಕ್ಕ, ನಾಲ್ಕನೇ ತರಗತಿಯ ತಂಗಿ. ಅಕ್ಕನ ಸಾಲಲ್ಲಿ 1 ಇದ್ದ ದಿನ ತಂಗಿಯ ಸಾಲು ಖಾಲಿ, ತಂಗಿಯದ್ದು 1 ಇದ್ದ ದಿನ ಅಕ್ಕನದ್ದು ಖಾಲಿ. ತಿಂಗಳಿಡೀ ಹೀಗೇ. ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳಲು ಇಬ್ಬರೂ ಪಾಳಿ ಹಾಕಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಎರಡು ತರಗತಿ, ಎರಡು ರಿಜಿಸ್ಟರ್, ಇಬ್ಬರು ಶಿಕ್ಷಕರು. ಬೇರೆ ಬೇರೆ ನೋಡಿದರೆ ಇದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಮೇಡಂ ಅವತ್ತೇ ಆ ಮನೆಗೆ ಹೋದರು. ಮುಖ್ಯಸ್ಥರು ಶೀಟ್ ಕಲಿಯಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಇದು. ಆ ಶೀಟನ್ನು ಬೇರೆ ಯಾರೋ ತಯಾರಿಸಿ ಬರೀ ಶೇಕಡಾ ಲೆಕ್ಕ ತಂದುಕೊಟ್ಟಿದ್ದರೆ ಇಬ್ಬರದ್ದೂ ಅರ್ಧರ್ಧ ಅಂತ ಕಾಣುತ್ತಿತ್ತು, ಅಷ್ಟೇ.

ಶೀಟ್ ಮಾಡುವಾಗ ಎಲ್ಲರೂ ಬೀಳುವ ಹಳ್ಳಗಳು ಕೆಲವಿವೆ. ಚೆಂದ ಕಾಣಲಿ ಅಂತ ಸೆಲ್‌ಗಳನ್ನು (ಶೀಟಿನ ಚೌಕಗಳನ್ನು) ಮರ್ಜ್ ಮಾಡಿ ಒಂದಾಗಿಸುವುದು, ನಡುವೆ ಖಾಲಿ ಸಾಲು ಬಿಡುವುದು ಬೇಡ, ಆಮೇಲೆ ಸಾರ್ಟ್, ಫಿಲ್ಟರ್ (ಬೇಕಾದ ಸಾಲುಗಳನ್ನು ಮಾತ್ರ ತೋರಿಸುವುದು) ಯಾವುದೂ ನೆಟ್ಟಗೆ ಆಗುವುದಿಲ್ಲ. ಸಾರ್ಟ್ ಮಾಡುವಾಗ ಒಂದೇ ಕಾಲಂ ಆಯ್ಕೆ ಮಾಡಿ ಒತ್ತಿಬಿಟ್ಟರೆ ಹೆಸರುಗಳು ಮಾತ್ರ ಅಕ್ಷರಕ್ರಮಕ್ಕೆ ಹೋಗಿ ಅಂಕಗಳು ಅಲ್ಲೇ ಉಳಿಯಬಹುದು, ಅಂದರೆ ಒಬ್ಬರ ಅಂಕ ಇನ್ನೊಬ್ಬರಿಗೆ. ಇದು ಬಹಳ ಅಪಾಯ, ಯಾಕೆಂದರೆ ನೋಡುವುದಕ್ಕೆ ಶೀಟ್ ಸರಿಯಾಗಿಯೇ ಕಾಣುತ್ತದೆ. ಸಾರ್ಟ್ ಮಾಡುವ ಮೊದಲು ಇಡೀ ಪಟ್ಟಿಯನ್ನು ಆಯ್ಕೆ ಮಾಡಿ. ಮಾಡಿದ ಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಇಬ್ಬರು ಮಕ್ಕಳ ಸಾಲು ಹುಡುಕಿ, ಅಂಕ ಅವರದ್ದೇನಾ ಅಂತ ನೋಡಿ.

ನಂಬರುಗಳದ್ದು ಇನ್ನೊಂದು ಕಥೆ. 0045 ಅಂತ ದಾಖಲಾತಿ ನಂಬರ್ ಹಾಕಿದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಿಂದು 45 ಮಾಡುತ್ತದೆ. 15ಕ್ಕಿಂತ ಜಾಸ್ತಿ ಅಂಕಿಗಳಿರುವ ಬ್ಯಾಂಕ್ ಖಾತೆ ಅಥವಾ ಗುರುತಿನ ನಂಬರ್ ಹಾಕಿದರೆ 15ರ ನಂತರದ ಅಂಕಿಗಳೆಲ್ಲ ಸೊನ್ನೆಯಾಗಿಬಿಡುತ್ತವೆ, ಎಚ್ಚರಿಕೆಯೂ ಕೊಡುವುದಿಲ್ಲ. 5-1 ಅಂತ ವಿಭಾಗ ಬರೆದರೆ ತಾರೀಖು ಅಂದುಕೊಳ್ಳುತ್ತದೆ. ಈ ತಾರೀಖಿನ ಕಾಟ ಎಷ್ಟಿತ್ತೆಂದರೆ, ಮನುಷ್ಯರ ಜೀನ್‌ಗಳ ಹೆಸರುಗಳು ಎಕ್ಸೆಲ್‌ನಲ್ಲಿ ಮಾರ್ಚ್, ಸೆಪ್ಟೆಂಬರ್ ತಾರೀಖುಗಳಾಗುತ್ತಿವೆ ಅಂತ ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಿಸಿದ ಸುದ್ದಿ 2020ರಲ್ಲಿ ಬಂತು. ನಿಮಗೆ ಪರಿಹಾರ ಸುಲಭ: ಕೂಡಿ ಕಳೆಯುವ ಅಗತ್ಯವಿಲ್ಲದ ನಂಬರುಗಳಿಗೆ, ಟೈಪ್ ಮಾಡುವ ಮೊದಲೇ, ಆ ಕಾಲಂ ಆಯ್ಕೆ ಮಾಡಿ ಫಾರ್ಮ್ಯಾಟ್‌ನಲ್ಲಿ "ಟೆಕ್ಸ್ಟ್" ಅಂತ ಕೊಡಿ. ಮೊದಲೇ ಮಾಡಬೇಕು. ಹೋದ ಅಂಕಿ ಆಮೇಲೆ ವಾಪಸ್ ಬರುವುದಿಲ್ಲ.

ಇನ್ನು ಸೂತ್ರ, ಅಂದರೆ ಲೆಕ್ಕ ತಾನಾಗಿ ಆಗಲಿ ಅಂತ ಸೆಲ್‌ನಲ್ಲಿ ಬರೆಯುವ ಆಜ್ಞೆ. ಜೂನ್‌ನಲ್ಲಿ 40 ಮಕ್ಕಳಿಗೆ ಅಂತ ಬರೆದ ಒಟ್ಟು ಮೊತ್ತದ ಸೂತ್ರ ಇರುತ್ತದೆ. ಆಗಸ್ಟ್‌ನಲ್ಲಿ ಐದು ಮಕ್ಕಳು ಹೊಸದಾಗಿ ಸೇರಿದರು, ಕೆಳಗೆ ಐದು ಸಾಲು ಹಾಕಿದರು, ಸೂತ್ರ ಮಾತ್ರ ಹಳೆಯ 40 ಸಾಲನ್ನೇ ಕೂಡುತ್ತಿರುತ್ತದೆ. ಇಂಥದ್ದೇ ತಪ್ಪು ದೊಡ್ಡವರಿಂದಲೂ ಆಗಿದೆ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಅನ್ನುವ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು ದೇಶಗಳ ಸಾಲ ಮತ್ತು ಬೆಳವಣಿಗೆ ಬಗ್ಗೆ 2010ರಲ್ಲಿ ಬರೆದ ಪ್ರಬಂಧವನ್ನು ಬೇರೆ ಬೇರೆ ಸರ್ಕಾರಗಳ ನೀತಿ ಚರ್ಚೆಗಳಲ್ಲಿ ಎತ್ತಿ ಹೇಳುತ್ತಿದ್ದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿ ಆ ಎಕ್ಸೆಲ್ ಫೈಲ್ ತರಿಸಿಕೊಂಡು ಸೆಲ್ ಸೆಲ್ ನೋಡಿದಾಗ, ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿರುವುದು ಸಿಕ್ಕಿತು. ನೀವು ಮಾಡಬೇಕಾದ್ದೂ ಆ ವಿದ್ಯಾರ್ಥಿ ಮಾಡಿದ್ದೇ. ಒಟ್ಟು ಇರುವ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅಂತ ಬಣ್ಣದ ಚೌಕಟ್ಟು ಕಾಣುತ್ತದೆ, ಕೊನೆಯ ಮಗು ಆ ಚೌಕಟ್ಟಿನೊಳಗೆ ಇದೆಯೇ ನೋಡಿ. ಆಮೇಲೆ ಯಾವುದಾದರೂ ಮೂರು ಸಾಲು ಆರಿಸಿ ಪೆನ್ನಲ್ಲಿ ಲೆಕ್ಕ ಹಾಕಿ. ಐದು ನಿಮಿಷದ ಕೆಲಸ. ಸಹಿ ಅದಾದ ಮೇಲೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ

ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಅದು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಒಂದೇ ಅಕ್ಷರ ವ್ಯವಸ್ಥೆ. ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪತ್ರ ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡ ಇದೆ, ಫೋನಿನಲ್ಲಿ ನೀವು ದಿನಾ ಬಳಸುತ್ತಿರುವುದೂ ಅದೇ. ಕೀಲಿಮಣೆ ಕಷ್ಟ ಅನಿಸಿದರೆ ಫೋನಿನ ಮೈಕ್ ಒತ್ತಿ ಮಾತಾಡಿ, ಅಕ್ಷರವಾಗಿ ಬರುತ್ತದೆ, ಒಂದೆರಡು ತಪ್ಪು ತಿದ್ದಿದರೆ ಆಯಿತು. ಹೆಸರುಗಳನ್ನು ಮಾತ್ರ ಒಂದೊಂದಾಗಿ ನೋಡಿ. ಮಗುವಿನ ಹೆಸರು ತಪ್ಪಾಗಿ ದಾಖಲೆ ಸೇರಿದರೆ ಅದನ್ನು ಸರಿಪಡಿಸಲು ಆ ಮಗು ವರ್ಷಗಟ್ಟಲೆ ಓಡಾಡಬೇಕಾಗುತ್ತದೆ.

ಕಳಿಸುವ ಮೊದಲು

ಇನ್ನೂರು ಪೋಷಕರಿಗೆ ಒಟ್ಟಿಗೆ ಇಮೇಲ್ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಅನ್ನುವ ಜಾಗದಲ್ಲಿ ಹಾಕಿ, ಇಲ್ಲದಿದ್ದರೆ ಎಲ್ಲರ ವಿಳಾಸ ಎಲ್ಲರಿಗೂ ಹೋಗುತ್ತದೆ. ಶೀಟ್ ಅಥವಾ ಫೋಲ್ಡರ್ ಹಂಚುವಾಗ "ಲಿಂಕ್ ಇರುವ ಯಾರಾದರೂ" ಅಂತ ಇದ್ದರೆ ಅದನ್ನು ಬದಲಿಸಿ, ಬೇಕಾದವರ ಹೆಸರನ್ನಷ್ಟೇ ಸೇರಿಸಿ. ನೋಡಲು ಮಾತ್ರವೋ ತಿದ್ದಲೂ ಬಿಡಬೇಕೋ ಅಂತ ಪಕ್ಕದಲ್ಲೇ ಕೇಳುತ್ತದೆ, ಓದಿ ಆರಿಸಿ. ಮಕ್ಕಳ ಫೋನ್, ಮನೆ ವಿಳಾಸ, ಆರೋಗ್ಯದ ಮಾಹಿತಿ ಇರುವ ಫೈಲ್ ಗುಂಪುಗಳಿಗೆ ಹೋಗಲೇಬಾರದು. ಒಮ್ಮೆ ಹೋದರೆ ಎಷ್ಟು ಫೋನುಗಳಲ್ಲಿ ಉಳಿಯಿತು ಅಂತ ಯಾರೂ ಹೇಳಲಾರರು.

ಮುಖ್ಯಸ್ಥರ ಹೆಸರು, ಫೋಟೋ ಹಾಕಿಕೊಂಡು "ನಾನು ಮೀಟಿಂಗಿನಲ್ಲಿದ್ದೇನೆ, ಅರ್ಜೆಂಟಾಗಿ ದುಡ್ಡು ಕಳಿಸಿ" ಅಂತ ಶಿಕ್ಷಕರಿಗೆ ಸಂದೇಶ ಕಳಿಸುವ ಮೋಸ ಎಲ್ಲ ಕಡೆ ನಡೆಯುತ್ತಿದೆ. ಇವತ್ತಿನ ಸ್ಟಾಫ್ ಮೀಟಿಂಗ್‌ನಲ್ಲೇ ಹೇಳಿಬಿಡಿ: ದುಡ್ಡು, ಒಟಿಪಿ, ಪಾಸ್‌ವರ್ಡ್ ನಾನು ಸಂದೇಶದಲ್ಲಿ ಯಾವತ್ತೂ ಕೇಳುವುದಿಲ್ಲ, ಕೇಳಿದ ಹಾಗೆ ಕಂಡರೆ ನನಗೆ ಫೋನ್ ಮಾಡಿ. ಇಲಾಖೆಯಿಂದ ಬಂದಂತೆ ಕಾಣುವ ಲಿಂಕ್‌ಗೂ ಇದೇ ಮಾತು. ಲಿಂಕ್ ಒತ್ತದೆ, ನೀವೇ ಬ್ರೌಸರ್‌ನಲ್ಲಿ ವಿಳಾಸ ಹಾಕಿ ಒಳಗೆ ಹೋಗಿ.

ಬ್ಯಾಕಪ್

ಬ್ಯಾಕಪ್ ಅಂದರೆ ಫೈಲು ಕಳೆದುಹೋದರೆ ಬೇಕಾಗುತ್ತದೆ ಅಂತ ಇಟ್ಟುಕೊಳ್ಳುವ ಪ್ರತಿ. ಮೂರು, ಎರಡು, ಒಂದು ಅಂತ ನೆನಪಿಡಿ. ಮುಖ್ಯವಾದ ಫೈಲಿಗೆ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಶಾಲೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಆನ್‌ಲೈನ್ ಡ್ರೈವ್‌ನಲ್ಲಿ ಒಂದು ಇದ್ದರೆ ಸಾಕು. ಹಾರ್ಡ್‌ಡಿಸ್ಕನ್ನು ಸದಾ ಚುಚ್ಚಿಟ್ಟಿರಬೇಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಚುಚ್ಚಿಟ್ಟ ಡಿಸ್ಕೂ ಅದರ ಜೊತೆಗೇ ಹೋಗುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಅಂಥ ವೈರಸ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರುಗಳಿಗೆ ತಗುಲಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಬಿಟ್ಟಿತ್ತು. "ಅಪ್‌ಡೇಟ್ ಆಮೇಲೆ" ಅಂತ ಮುಂದೂಡುವಾಗ ಇದು ನೆನಪಿರಲಿ. ಶುಕ್ರವಾರ ಸಂಜೆ ಹೊರಡುವಾಗ ಅಪ್‌ಡೇಟ್ ಹಾಕಿಬಿಡಿ.

ಬ್ಯಾಕಪ್ ಇದೆ ಅಂತ ಯಾರಾದರೂ ಹೇಳಿದರೆ, ಕಳೆದ ವರ್ಷದ ಒಂದು ಅಂಕಪಟ್ಟಿಯನ್ನು ಅದರಿಂದ ತೆಗೆದು ತೋರಿಸಿ ಅನ್ನಿ. ಮೂರು ತಿಂಗಳಿಗೊಮ್ಮೆ ಕೇಳಿ. ತೆರೆಯಲು ಬಾರದ ಬ್ಯಾಕಪ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಾರಲು ಬಂದವರ ಮುಂದೆ

ಸ್ಮಾರ್ಟ್ ಬೋರ್ಡ್, ಟ್ಯಾಬ್, ಆ್ಯಪ್ ಅಂತ ಯಾರಾದರೂ ಬಂದೇ ಬರುತ್ತಾರೆ. ಬರೀ ಸಾಧನ ತಂದಿಟ್ಟರೆ ಕಲಿಕೆ ಮೇಲೇಳುವುದಿಲ್ಲ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಕಂಪ್ಯೂಟರಿಗೆ ಭಾರಿ ಖರ್ಚು ಮಾಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ ಅಂತ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಆರ್ಥಿಕ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಪೆರು ದೇಶದ ಶಾಲೆಗಳಲ್ಲಿ ಮಕ್ಕಳಿಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟ ಯೋಜನೆಯನ್ನು ಅಳೆದ 2012ರ ಅಧ್ಯಯನದಲ್ಲೂ ಗಣಿತ, ಭಾಷೆಯ ಪರೀಕ್ಷೆಗಳಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಾಗಂತ ಕೊಳ್ಳಲೇಬೇಡಿ ಅಂತಲ್ಲ. ಕೇಳಿ ಕೊಳ್ಳಿ.

ನಮ್ಮ ಶಾಲೆಯದ್ದೇ ಒಂದು ತರಗತಿಯ ಪಟ್ಟಿ, ನಮ್ಮದೇ ವೇಳಾಪಟ್ಟಿ ಹಾಕಿ ತೋರಿಸಿ ಅನ್ನಿ, ಅವರು ತಂದ ಚೆಂದದ ಮಾದರಿ ಬೇಡ. ಒಪ್ಪಂದ ಮುಗಿದ ದಿನ ನಮ್ಮ ಮಕ್ಕಳ ಮಾಹಿತಿ ಎಕ್ಸೆಲ್ ರೂಪದಲ್ಲಿ ವಾಪಸ್ ಸಿಗುತ್ತದೆಯೇ, ನಿಮ್ಮ ಕಡೆ ಅಳಿಸುತ್ತೀರಾ, ಬರೆದು ಕೊಡುತ್ತೀರಾ? ಇಂಟರ್‌ನೆಟ್ ಇಲ್ಲದಾಗ ಏನಾಗುತ್ತದೆ? ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ? ಎರಡನೇ ವರ್ಷದ ಖರ್ಚು ಎಷ್ಟು? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿಗೆ ನಿಲ್ಲಿಸಿ. ಎಲ್ಲ ಸರಿ ಅನಿಸಿದರೂ ಆಸಕ್ತಿ ಇರುವ ಒಬ್ಬ ಶಿಕ್ಷಕರ ಒಂದು ತರಗತಿಯಲ್ಲಿ ಮೂರು ತಿಂಗಳು ನಡೆಸಿ, ಆಮೇಲೆ ಆ ಶಿಕ್ಷಕರನ್ನು ಕೇಳಿ ತೀರ್ಮಾನಿಸಿ.

ಎಐ ಬಗ್ಗೆ

ಕೇಳಿದ್ದಕ್ಕೆ ತಾನೇ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿ ಅನ್ನುವ ಎಐ (ಕೃತಕ ಬುದ್ಧಿಮತ್ತೆ) ಸಾಧನ 2022ರ ನವೆಂಬರ್ ಕೊನೆಗೆ ಬಂದಾಗಿನಿಂದ ಎಲ್ಲ ಮುಖ್ಯಸ್ಥರೂ ಇದನ್ನು ಕೇಳುತ್ತಾರೆ. ನೀವೇ ಬಳಸಿ ನೋಡಿ. ಸುತ್ತೋಲೆಯ ಕರಡು, ಸಭೆಯ ವಿಷಯಪಟ್ಟಿ, ಉದ್ದದ ಆದೇಶದ ಸಾರಾಂಶ, ಇವಕ್ಕೆಲ್ಲ ಒಳ್ಳೆಯ ಸಹಾಯ. ಆದರೆ ಮಕ್ಕಳ ಹೆಸರು, ಅಂಕ, ಮನೆಯ ವಿಷಯ ಅದಕ್ಕೆ ಹಾಕಬೇಡಿ. ಅದು ಹೇಳಿದ ನಿಯಮ, ತಾರೀಖು, ಆದೇಶದ ನಂಬರ್ ಮೂಲ ಕಾಗದದಲ್ಲಿ ಇದೆಯೇ ಅಂತ ನೋಡದೆ ಬಳಸಬೇಡಿ, ಇಲ್ಲದ್ದನ್ನೂ ಅದು ಇದ್ದ ಹಾಗೆಯೇ ಧೈರ್ಯವಾಗಿ ಹೇಳುತ್ತದೆ.

ಇನ್ನೊಂದು ಬಹಳ ಮುಖ್ಯ. "ಈ ಪ್ರಬಂಧ ಎಐ ಬರೆದದ್ದು" ಅಂತ ಪತ್ತೆ ಹಚ್ಚುವ ಸಾಫ್ಟ್‌ವೇರಿನ ವರದಿ ಹಿಡಿದುಕೊಂಡು ಶಿಕ್ಷಕರು ನಿಮ್ಮ ಕೋಣೆಗೆ ಬಂದರೆ, ಅದೊಂದನ್ನೇ ನಂಬಿ ಮಗುವಿಗೆ ಶಿಕ್ಷೆ ಕೊಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥ ಒಂದು ಸಾಧನ ತಂದು, ಅದರ ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈ ಸಾಲಿನಲ್ಲಿ ಏನು ಹೇಳೋಕೆ ಹೊರಟಿದ್ದೆ, ಹೇಳು ಮರಿ" ಅಂತ ಕೇಳಿ. ಎರಡೇ ನಿಮಿಷದಲ್ಲಿ ನಿಮಗೆ ಬಹುಪಾಲು ಅರ್ಥವಾಗುತ್ತದೆ, ಆ ಕೌಶಲ ನಿಮ್ಮ ಹತ್ತಿರ ಮೊದಲಿನಿಂದಲೂ ಇದೆ.

ಸಿಕ್ಕಿಹಾಕಿಕೊಂಡಾಗ

ಸಿಕ್ಕಿಹಾಕಿಕೊಳ್ಳುತ್ತೀರಿ, ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಆಗ "ಕಂಪ್ಯೂಟರ್ ಕೆಲಸ ಮಾಡ್ತಿಲ್ಲ" ಅಂತ ಫೋನ್ ಮಾಡಿದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಪರದೆಯ ಫೋಟೋ ತೆಗೆಯಿರಿ, ತಪ್ಪಿನ ಸಂದೇಶ ಪೂರ್ತಿ ಕಾಣಬೇಕು, ಪಾಸ್‌ವರ್ಡ್ ಅಥವಾ ಮಕ್ಕಳ ಮಾಹಿತಿ ಕಾಣಬಾರದು. ಜೊತೆಗೆ ಮೂರು ಸಾಲು ಬರೆಯಿರಿ: ಏನು ಮಾಡಲು ಹೊರಟಿದ್ದೆ, ಯಾವುದನ್ನು ಒತ್ತಿದೆ, ಏನಾಯಿತು. ಆ ಗಣಿತದ ಮೇಡಂ ಮೊದಲ ತಿಂಗಳು ನನಗೆ ದಿನಕ್ಕೆ ನಾಲ್ಕೈದು ಇಂಥ ಸಂದೇಶ ಕಳಿಸುತ್ತಿದ್ದರು. ಎಷ್ಟೋ ಸಲ ಮೂರನೇ ಸಾಲು ಬರೆಯುವಷ್ಟರಲ್ಲಿ ಅವರಿಗೇ ಉತ್ತರ ಹೊಳೆದು "ಬೇಡ, ಸಿಕ್ಕಿತು" ಅಂತ ಇನ್ನೊಂದು ಸಂದೇಶ ಬರುತ್ತಿತ್ತು. ಉತ್ತರ ಸಿಕ್ಕ ತಕ್ಷಣ ನೋಟ್‌ಬುಕ್‌ನಲ್ಲಿ ಬರೆದು, ಮೊದಲ ಪುಟದಲ್ಲಿ ವಿಷಯ ಮತ್ತು ಪುಟದ ನಂಬರ್ ಹಾಕಿಡಿ. ಅವರ ಆ ನೋಟ್‌ಬುಕ್ ಈಗ ಸ್ಟಾಫ್ ರೂಮಿನ ಮೇಜಿನ ಮೇಲಿದೆ. ಹೊಸದಾಗಿ ಸೇರಿದ ಶಿಕ್ಷಕರು ಪ್ರಿಂಟರ್ ಕೈಕೊಟ್ಟಾಗ ಮೊದಲು ತೆರೆಯುವುದು ಅದರ ಒಂಬತ್ತನೇ ಪುಟವನ್ನು.